ಅಳೆಯೋ ಕೋಲನ್ನೇ ಮೊದಲು ಅಳೀಬೇಕು

 

ಇವತ್ತಿನ ವಿಷಯ ದುಂಬಿ. ಆದ್ರೆ ಶುರು ಮಾಡೋದು ನನ್ನದೇ ಒಂದು ಎಡವಟ್ಟಿನಿಂದ. ಹೋದ ವರ್ಷ ಈ ಪಾಡ್‌ಕಾಸ್ಟ್ ನಿಲ್ಲಿಸೇ ಬಿಡೋಣ ಅಂತ ಕೂತಿದ್ದೆ. ನಾಲ್ಕು ತಿಂಗಳಲ್ಲಿ ಕೇಳುಗರು ಅರ್ಧಕ್ಕರ್ಧ ಕಮ್ಮಿ ಆಗಿದ್ದಾರೆ ಅಂತ ನನ್ನ ಎಕ್ಸೆಲ್ ಶೀಟ್ ಹೇಳ್ತಿತ್ತು. ಕೊನೇ ಎಪಿಸೋಡಿಗೆ ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ. ಆಮೇಲೆ ಕಣ್ಣಿಗೆ ಬಿತ್ತು: ನಾನು ಹೋಲಿಕೆಗೆ ಇಟ್ಕೊಂಡಿದ್ದ ತಿಂಗಳಲ್ಲಿ ಒಂದು ಎಪಿಸೋಡ್ ವೈರಲ್ ಆಗಿತ್ತು. ಅದನ್ನ ಪಕ್ಕಕ್ಕಿಟ್ಟು ಹಿಂದಿನ ತಿಂಗಳುಗಳ ಜೊತೆ ಹೋಲಿಸಿದ್ರೆ, ಕೇಳುಗರು ನಿಧಾನಕ್ಕೆ ಜಾಸ್ತಿ ಆಗ್ತಾನೇ ಇದ್ರು. ಆಧಾರ ವರ್ಷ ಅಂತ ಆರಿಸ್ಕೊಳ್ಳೋ ವರ್ಷ ಸಾಮಾನ್ಯ ವರ್ಷ ಆಗಿರಬೇಕು ಅನ್ನೋದು ಬಿ.ಕಾಂ.ನಲ್ಲಿ ಸೂಚ್ಯಂಕದ ಪಾಠದ ಮೊದಲ ನಿಯಮ. ಪರೀಕ್ಷೇಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಕೆಲಸಕ್ಕೆ ಬೇಕಾದಾಗ ಮರೆತೇ ಹೋಗಿತ್ತು.

ಇದೇ ಗುಂಡಿಗೆ ವಿಜ್ಞಾನಿಗಳೂ ಬೀಳ್ತಾರೆ. ಅಲ್ಲಿ ಪಣಕ್ಕಿರೋದು ಪಾಡ್‌ಕಾಸ್ಟ್ ಅಲ್ಲ, ರೈತರ ಬೆಳೆ.

ಅಮೆರಿಕದಲ್ಲಿ ಕೊಲರಾಡೋ ಆಲೂಗಡ್ಡೆ ದುಂಬಿ ಅಂತ ಒಂದಿದೆ. ಹಳದಿ ಮೈ ಮೇಲೆ ಕಪ್ಪು ಪಟ್ಟೆ. ಆಲೂಗಡ್ಡೆ ಗಿಡದ ಎಲೆಯನ್ನೆಲ್ಲಾ ತಿಂದು ಬರೀ ಕಡ್ಡಿ ಉಳಿಸುತ್ತೆ. 50ಕ್ಕೂ ಹೆಚ್ಚು ಕೀಟನಾಶಕ ರಾಸಾಯನಿಕಗಳಿಗೆ ಇದು ಜಗ್ಗದ ಹಾಗೆ ಆಗಿದೆ. ಹಾಗಾಗಿ ಬೇರೆ ದಾರಿ ಹುಡುಕಿದ್ರು. ದುಂಬಿಯ ದೇಹಕ್ಕೆ ತೀರಾ ಅಗತ್ಯ ಇರೋ ಒಂದು ಜೀನನ್ನ ಆರಿಸೋದು, ಆ ಜೀನಿಂದ ಹೊರಡೋ ಆರ್‌ಎನ್‌ಎ ಸಂದೇಶವನ್ನ ದಾರೀಲೇ ಕತ್ತರಿಸೋದು. ಲೆಡ್‌ಪ್ರೋನಾ ಅನ್ನೋ ಇಂಥ ಸಿಂಪಡಣೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಡ್ತು.

ಇಂಥ ಔಷಧಿ ತಯಾರು ಮಾಡೋವಾಗ, ಆ ಜೀನಿನ ಸಂದೇಶ ನಿಜವಾಗ್ಲೂ ಕಮ್ಮಿ ಆಯ್ತಾ ಅಂತ ಅಳೀಬೇಕಲ್ವಾ? ಅಳೆಯೋ ವಿಧಾನದ ಹೆಸರು ನಿಮಗೆ ಗೊತ್ತು. ಕೋವಿಡ್ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿಸ್ಕೊಂಡು ಮಾಡಿಸಿದ್ವಲ್ಲ, ಆರ್‌ಟಿ-ಪಿಸಿಆರ್, ಅದೇ. ರಿಪೋರ್ಟಲ್ಲಿ ಸಿಟಿ ವ್ಯಾಲ್ಯೂ ಅಂತ ಇರ್ತಿತ್ತು. ಮಷೀನು ಪ್ರತಿ ಸುತ್ತಿನಲ್ಲೂ ಪ್ರತಿಗಳನ್ನ ಹೆಚ್ಚೂಕಮ್ಮಿ ದುಪ್ಪಟ್ಟು ಮಾಡುತ್ತೆ. ಎಷ್ಟನೇ ಸುತ್ತಿಗೆ ಸಿಗ್ನಲ್ ಕಾಣಿಸ್ತು ಅನ್ನೋದೇ ಸಿಟಿ. ಸಿಟಿ 1 ಜಾಸ್ತಿ ಅಂದ್ರೆ ಸಂದೇಶ ಅರ್ಧ, 2 ಜಾಸ್ತಿ ಅಂದ್ರೆ ಕಾಲು ಭಾಗ.

ತೊಂದರೆ ಏನಂದ್ರೆ, ಒಂದು ದುಂಬಿಯಿಂದ ತೆಗೆದ ಆರ್‌ಎನ್‌ಎ ಜಾಸ್ತಿ ಇರಬಹುದು, ಇನ್ನೊಂದರದು ಕಮ್ಮಿ ಇರಬಹುದು, ಸ್ವಲ್ಪ ಕೆಟ್ಟಿರಲೂಬಹುದು. ಹಾಗಾಗಿ ಅದೇ ದುಂಬಿಯಲ್ಲಿ ಬದಲಾಗದೆ ಇರೋ ಇನ್ನೊಂದು ಜೀನನ್ನೂ ಅಳೆದು, ಅದಕ್ಕೆ ಹೋಲಿಸಿ ಹೇಳ್ತಾರೆ. ಅದೇ ರೆಫರೆನ್ಸ್ ಜೀನ್, ನಮ್ಮ ಕಾಮರ್ಸ್ ಭಾಷೇಲಿ ಆಧಾರ ವರ್ಷ.

ಒಂದು ಲೆಕ್ಕ ನೋಡೋಣ, ಅಂಕಿ ನಾನೇ ಹಾಕ್ಕೊಂಡಿದ್ದು. ಔಷಧಿ ಕೊಡದ ದುಂಬಿಯಲ್ಲಿ ನಮಗೆ ಬೇಕಾದ ಜೀನಿನ ಸಿಟಿ 22, ರೆಫರೆನ್ಸ್ ಜೀನಿನದು 18. ವ್ಯತ್ಯಾಸ 4. ಔಷಧಿ ಕೊಟ್ಟ ಮೇಲೆ 24 ಮತ್ತು 18. ವ್ಯತ್ಯಾಸ 6. ಅಂದ್ರೆ 2 ಜಾಸ್ತಿ ಆಯ್ತು, ಸಂದೇಶ ಕಾಲು ಭಾಗಕ್ಕೆ ಇಳೀತು, ಔಷಧಿ ಕೆಲಸ ಮಾಡ್ತು. ಈಗ ಆ ರೆಫರೆನ್ಸ್ ಜೀನ್ ಕೂಡ ಔಷಧಿ ಹೊಡೆತಕ್ಕೆ ಕುಗ್ಗಿ, ಅದರ ಸಿಟಿ 20 ಆಗಿದೆ ಅಂದ್ಕೊಳ್ಳಿ. 24ರಲ್ಲಿ 20 ಕಳೆದ್ರೆ ಮತ್ತೆ 4. ಏನೂ ಬದಲಾಗಿಲ್ಲ ಅಂತ ಬರುತ್ತೆ! ಕೆಲಸ ಮಾಡೋ ಔಷಧಿ ಕಸದ ಬುಟ್ಟಿಗೆ. ಅದೇ ರೆಫರೆನ್ಸ್ ಜೀನ್ ಏರಿ ಸಿಟಿ 17 ಆಗಿದ್ರೆ, ಕಾಲು ಭಾಗ ಇರೋದು ಎಂಟನೇ ಒಂದು ಭಾಗ ಅಂತ ಕಾಣಿಸಿ, ಔಷಧಿ ಇರೋದಕ್ಕಿಂತ ಜೋರು ಅಂತ ನಂಬಿಬಿಡ್ತೀವಿ.

ಬಹಳ ಕಾಲ ಆಕ್ಟಿನ್ ಥರದ ಜೀನುಗಳನ್ನ ಕಣ್ಮುಚ್ಚಿ ಆರಿಸ್ತಿದ್ರು. ಇವು ಜೀವಕೋಶದ ಮನೆಗೆಲಸ ಮಾಡೋ ಜೀನುಗಳು, ದಿನಾ ಒಂದೇ ಥರ ಇರ್ತವೆ ಅನ್ನೋ ನಂಬಿಕೆ. ಆದ್ರೆ ದುಂಬಿ ಮರಿಯಾಗಿ, ಕೋಶವಾಗಿ, ಆಮೇಲೆ ರೆಕ್ಕೆ ಇರೋ ಹುಳ ಆಗುತ್ತೆ. ಆ ದಾರೀಲಿ ಹಳೇ ಸ್ನಾಯು ಕರಗುತ್ತೆ, ಹೊಸದು ಕಟ್ಕೊಳ್ಳುತ್ತೆ. ಆಕ್ಟಿನ್ ಸ್ನಾಯುವಿನ ಮುಖ್ಯ ಪ್ರೋಟೀನು. ಅದು ಒಂದೇ ಮಟ್ಟದಲ್ಲಿ ಹೇಗೆ ಇರುತ್ತೆ? ಮನೆ ಕಟ್ಟೋ ದಿನ ಸಿಮೆಂಟ್ ಖರ್ಚು ಎಂದಿನಷ್ಟೇ ಇರುತ್ತಾ?

ಹಾಗಾದ್ರೆ ಹೇಗೆ ಆರಿಸೋದು? ನಮ್ಮ ಅಡುಗೆಮನೆಯ ರವೆ ಡಬ್ಬೀಲಿ ಸಿಗೋ ಸಣ್ಣ ಕೆಂಪು ಹುಳ ಇದೆಯಲ್ಲ, ಹಿಟ್ಟಿನ ದುಂಬಿ. ಲ್ಯಾಬಲ್ಲಿ ಅದು ದೊಡ್ಡ ಸ್ಟಾರ್. ಅದರ ಪೂರ್ತಿ ಜೀನೋಮ್ 2008ರಲ್ಲೇ ಪ್ರಕಟ ಆಗಿದೆ. ಅದಕ್ಕೆ ಶಿಲೀಂಧ್ರದ ಸೋಂಕು ತಗುಲಿದಾಗ ಯಾವ ಜೀನ್ ಅಲುಗಾಡಲ್ಲ ಅಂತ 2010ರಲ್ಲಿ ಹುಡುಕಿದ್ರು. ಹಲವು ಜೀನುಗಳನ್ನ ಒರೆಗೆ ಹಚ್ಚಿದಾಗ ಆರ್‌ಪಿಎಸ್3, ಆರ್‌ಪಿಎಸ್18, ಆರ್‌ಪಿಎಲ್13ಎ ಅನ್ನೋ ಮೂರು ಸ್ಥಿರ ಅಂತ ಬಂತು. ಮೂರೂ ಜೀವಕೋಶದ ಪ್ರೋಟೀನ್ ಕಾರ್ಖಾನೆ, ಅಂದ್ರೆ ರೈಬೋಸೋಮಿನ ಬಿಡಿಭಾಗಗಳ ಜೀನುಗಳು.

ಆದ್ರೆ ಆ ಉತ್ತರ ಆ ಸೋಂಕಿಗೆ, ಆ ದುಂಬಿಗೆ. ಬಿಸಿ ತಾಗಿಸಿದಾಗ, ಉಪವಾಸ ಕೆಡವಿದಾಗ, ಬೇರೆ ಜಾತಿ ತಗೊಂಡಾಗ ಮತ್ತೆ ಮೊದಲಿಂದ ಪರೀಕ್ಷೆ ಮಾಡ್ಬೇಕು. ಪಕ್ಕದ ಲ್ಯಾಬಿನ ಉತ್ತರ ಕಾಪಿ ಹೊಡೆಯೋ ಹಾಗಿಲ್ಲ.

ಪರೀಕ್ಷೆ ಮಾಡೋಕೆ 2002ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ಜಿನಾರ್ಮ್ ಅನ್ನೋ ವಿಧಾನ ತಂದ್ರು. ಜೀನುಗಳನ್ನ ಜೋಡಿ ಜೋಡಿಯಾಗಿ ಹೋಲಿಸಿ, ಹೆಚ್ಚು ಅಲುಗಾಡೋದನ್ನ ಒಂದೊಂದೇ ಹೊರಗೆ ಹಾಕುತ್ತೆ. ಉಳಿದ ಕೆಲವದರ ಗುಣೋತ್ತರ ಸರಾಸರಿಯನ್ನ ಆಧಾರ ಮಾಡ್ಕೊಳ್ಳುತ್ತೆ. ಸೂಚ್ಯಂಕದ ಲೆಕ್ಕದಲ್ಲಿ ನಾವು ಬೈಕೊಂಡು ಕಲಿತ ಅದೇ ಸರಾಸರಿ ಕಣ್ರೀ!

ಇದಕ್ಕೂ ಒಂದು ದೌರ್ಬಲ್ಯ ಇದೆ. ಪರೀಕ್ಷೇಲಿ ಒಬ್ಬರದೊಬ್ಬರು ನೋಡಿ ಬರೆದ ಇಬ್ಬರ ಉತ್ತರ ತಾಳೆ ಆಗುತ್ತೆ, ಸರಿ ಇದೆ ಅಂತ ಅರ್ಥ ಅಲ್ಲ. ಹಾಗೇ ಒಂದೇ ಕೆಲಸ ಮಾಡೋ ಎರಡು ಜೀನುಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿದ್ರೆ, ಜಿನಾರ್ಮ್ ಅವನ್ನೂ ಸ್ಥಿರ ಅನ್ನುತ್ತೆ. ಮೂರೂ ರೈಬೋಸೋಮ್ ಜೀನುಗಳೇ ಬಂದಾಗ ಒಂದು ಕ್ಷಣ ನಿಂತು ಯೋಚನೆ ಮಾಡ್ಬೇಕಾದ್ದು ಇದಕ್ಕೇ. ಬೇರೆ ಬೇರೆ ಕೆಲಸದ ಜೀನುಗಳನ್ನ ಪಟ್ಟಿಗೆ ಸೇರಿಸ್ಬೇಕು, 2004ರಲ್ಲಿ ಬಂದ ನಾರ್ಮ್‌ಫೈಂಡರ್ ಥರದ ಇನ್ನೊಂದು ವಿಧಾನದಲ್ಲೂ ನೋಡ್ಬೇಕು. 2009ರಲ್ಲಿ ಬಂದ ಎಂಐಕ್ಯೂಇ ಮಾರ್ಗಸೂಚಿ ಕೂಡ, ಒಂದೇ ರೆಫರೆನ್ಸ್ ಜೀನ್ ಮೇಲೆ ಭಾರ ಹಾಕೋದಾದ್ರೆ ಅದು ಸ್ಥಿರ ಅನ್ನೋಕೆ ಪುರಾವೆ ಕೊಡಿ ಅನ್ನುತ್ತೆ.

ನಾನೂ ನನ್ನ ಶೀಟ್ ಬದಲಾಯಿಸ್ದೆ. ಈಗ ಒಂದು ತಿಂಗಳ ಬದಲು ಆರು ತಿಂಗಳು ನೋಡ್ತೀನಿ. ಆ ಕೊನೇ ಎಪಿಸೋಡಿನ ಸ್ಕ್ರಿಪ್ಟ್ ಇನ್ನೂ ಫೋನಲ್ಲೇ ಇದೆ, ಡಿಲೀಟ್ ಮಾಡಿಲ್ಲ. ನಿಮಗೂ ಯಾರಾದ್ರೂ ಬಂದು "ಶೇಕಡಾ 75 ಇಳಿದಿದೆ" ಅಂದ್ರೆ, "ಯಾವುದಕ್ಕೆ ಹೋಲಿಸಿ?" ಅಂತ ಕೇಳಿ. ಉತ್ತರ ಬಂದ ಮೇಲೆ, "ಅದು ನೆಟ್ಟಗಿದೆ ಅಂತ ನೋಡಿದ್ರಾ?" ಅಂತ ಇನ್ನೊಂದ್ಸಲ ಕೇಳಿ.

ಮುಂದಿನ ವಾರ ಸಿಗೋಣ. ರವೆ ಜರಡಿ ಹಿಡಿಯೋಕೆ ಮರೀಬೇಡಿ.