ಸೀದ ವಾಸನೆ



ಮೂರು ದಶಕಗಳಿಗೂ ಮಿಕ್ಕಿ ಕನ್ನಡ ಕಾವ್ಯವನ್ನು ಪಾಠ ಹೇಳಿದವನು ನಾನು. ಕಂಪು, ಸೌರಭ, ಪರಿಮಳ, ನರುಗಂಪು ಎಂದು ಸುಗಂಧಕ್ಕೆ ನಮ್ಮ ಕವಿಗಳು ಬಳಸಿದ ಮಾತುಗಳನ್ನು ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸಿದ್ದೇನೆ. ಸುಟ್ಟದ್ದರ ವಾಸನೆಗೆ ಮಾತ್ರ ಕಾವ್ಯಕ್ಕಿಂತ ಅಡಿಗೆಮನೆಯ ಭಾಷೆಯೇ ಶ್ರೀಮಂತ. ಹಾಲು ತಳ ಹಿಡಿದರೆ ಸೀದ ವಾಸನೆ. ಒಗ್ಗರಣೆಯ ಮೆಣಸಿನಕಾಯಿ ಕರಿಕಾದರೆ ಘಾಟು. ಎಣ್ಣೆಯೋ ಕೂದಲೋ ಸುಟ್ಟರೆ ಕಮರು. ಈ ಭೇದಗಳು ಕಾರಿನೊಳಗೆ ಪ್ರಾಣವನ್ನೇ ಉಳಿಸಬಲ್ಲವೆಂದು ನಾನು ಅರಿತದ್ದು ಅರವತ್ತು ಕಳೆದ ಮೇಲೆ. ಅದೂ ಮೂಗು ಕೈಕೊಟ್ಟ ಮೇಲೆ.

೨೦೨೧ರ ಬೇಸಗೆಯಲ್ಲಿ ಬಂದ ಕೋವಿಡ್ ಜ್ವರ ಹೋಗುವಾಗ ನನ್ನ ಘ್ರಾಣಶಕ್ತಿಯನ್ನು ತನ್ನೊಡನೆ ಒಯ್ದಿತು. ಕಾಫಿ ಬರಿಯ ಬಿಸಿನೀರಾಯಿತು. ಎರಡು ತಿಂಗಳ ಬಳಿಕ, ವಾಸನೆ ಮರಳಿತೆಂದು ಮನೆಯಲ್ಲಿ ಸುಳ್ಳು ಹೇಳಿದೆ. ಊಟಕ್ಕೆ ಕುಳಿತಾಗಲೆಲ್ಲ ಆತಂಕದಿಂದ ನನ್ನ ಮುಖವನ್ನೇ ನೋಡುತ್ತಿದ್ದ ನನ್ನ ಶ್ರೀಮತಿಗೆ ಸಮಾಧಾನವಾಗಲೆಂದು ಹೇಳಿದ ಸುಳ್ಳು ಅದು. ಅದು ಕಾರಿನಲ್ಲಿಯೂ ನಮ್ಮೊಡನೆ ಬಂದು ಕುಳಿತೀತೆಂದು ನಾನು ಎಣಿಸಿರಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ಶಿವಮೊಗ್ಗದಿಂದ ಉಡುಪಿಗೆ, ಮಗಳ ಮನೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಏಳು ವರ್ಷದ ಮೊಮ್ಮಗ. ನಮ್ಮ ಹಳೆಯ ಕಾರು ಮಳೆಗಾಲವೆಲ್ಲ ಹ್ಯಾಂಡ್ ಬ್ರೇಕು ಎಳೆದ ಸ್ಥಿತಿಯಲ್ಲಿಯೇ ಷೆಡ್ಡಿನಲ್ಲಿ ನಿಂತಿತ್ತು. ತೀರ್ಥಹಳ್ಳಿ ದಾಟಿದ ಮೇಲೆ ಆಕೆ, “ರೀ, ಏನೋ ಸುಟ್ಟ ವಾಸನೆ ಬರ್ತಿದೆ” ಎಂದಳು.

“ಹೊರಗೆ ಯಾರೋ ದರಗು ಸುಡ್ತಿದ್ದಾರೆ.”

“ದರಗಿನ ವಾಸನೆ ಹೀಗಿರಲ್ಲ. ನಿಮಗೆ ಗೊತ್ತಾಗ್ತಿಲ್ವಾ?”

“ಗೊತ್ತಾಗ್ತಿದೆ. ದರಗೇ.”

ಕಾರು ಎಂದಿನಂತೆ ಓಡದೆ ತಿಣುಕುತ್ತಿದ್ದುದನ್ನು ನಾನೂ ಗಮನಿಸಿದ್ದೆ. ಅದಕ್ಕೂ ವಯಸ್ಸಾಯಿತೆಂದು ಸುಮ್ಮನಿದ್ದೆ. ಆಗುಂಬೆ ದಾಟಿ, ಘಟ್ಟದ ಇಳಿಜಾರು ಮೊದಲಾಗುವ ಮುನ್ನ ಸೂರ್ಯಾಸ್ತ ನೋಡಲೆಂದು ಜನ ನಿಲ್ಲುವ ಜಾಗಕ್ಕೆ ಬರುವಷ್ಟರಲ್ಲಿ ಮೊಮ್ಮಗ ಅಂಗಿಯ ತುದಿಯಿಂದ ಮೂಗು ಮುಚ್ಚಿಕೊಂಡಿದ್ದ. ಅದನ್ನು ಕನ್ನಡಿಯಲ್ಲಿ ಕಂಡು ಕಾರು ನಿಲ್ಲಿಸಿದೆ.

ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಗಂಧವು ಪೃಥ್ವಿಯ ವಿಶೇಷ ಗುಣವೆಂದೂ ಆ ಶಾಸ್ತ್ರವೇ ಹೇಳುತ್ತದೆ. ಅದನ್ನು ಓದಿದ ನನಗೆ ಹೇತುವೇ ದೊರೆಯದೆ ಹೋಯಿತು. ಓದದ ಆಕೆ ಹದಿನೈದು ಮೈಲಿ ಹಿಂದೆಯೇ ಅನುಮಾನವನ್ನು ಪೂರೈಸಿದ್ದಳು.

ಬಾನೆಟ್ ಎತ್ತಿ ನೋಡಿದೆ. ತಂತಿಗಳ ಹೊದಿಕೆ ಕರಗಿರಲಿಲ್ಲ. ಬಿಸಿ ಕೊಳವೆಯ ಮೇಲೆ ಎಣ್ಣೆ ತೊಟ್ಟಿಕ್ಕಿದ ಗುರುತಿರಲಿಲ್ಲ. ಬಳಿಕ ಒಂದೊಂದೇ ಚಕ್ರದ ಬಳಿ, ಮುಟ್ಟದೆ, ಅಂಗೈಯ ಹಿಂಬದಿಯನ್ನು ಒಡ್ಡಿದೆ. ಮೂರು ಚಕ್ರಗಳು ಬೆಚ್ಚಗಿದ್ದವು. ಹಿಂದಿನ ಎಡಚಕ್ರ ಮಾತ್ರ ಉರಿಯುವ ಒಲೆಯಂತಿತ್ತು. ಬಾಟಲಿಯ ನೀರನ್ನು ಅದರ ಮೇಲೆ ಸುರಿಯಹೊರಟಾಗ, ಪಕ್ಕದಲ್ಲಿ ಜೀಪು ನಿಲ್ಲಿಸಿಕೊಂಡಿದ್ದ ಹೆಬ್ರಿಯ ಕಡೆಯ ಚಾಲಕ, “ನೀರು ಹಾಕ್ಬೇಡಿ ಮಾರಾಯ್ರೇ, ಡ್ರಮ್ ಒಡೀತದೆ!” ಎಂದು ಕೂಗಿಕೊಂಡ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಬಿರುಕು ಬಿಡಬಹುದು. ತಾನಾಗಿಯೇ ಆರಲು ಬಿಡಬೇಕು.

ಬ್ರೇಕನ್ನು ಹೆಚ್ಚು ತುಳಿದು ಕಾರು ಬಿಸಿಯಾಗಿದ್ದರೆ ಮುಂದಿನ ಎರಡು ಚಕ್ರಗಳು ಹೆಚ್ಚು ಕಾಯಬೇಕಿತ್ತು. ನಿಲ್ಲಿಸುವ ಕೆಲಸದ ಬಹುಪಾಲು ಅವುಗಳದೇ. ಹಿಂದಿನ ಒಂದೇ ಚಕ್ರ ಕಾದಿದೆಯೆಂದರೆ ಅಲ್ಲಿ ಬ್ರೇಕು ಬಿಡದೆ ಕಚ್ಚಿಕೊಂಡಿದೆಯೆಂದು ಅರ್ಥ. ತೀರ್ಥಹಳ್ಳಿಯಿಂದ ಕರೆಸಿದ ಮೆಕ್ಯಾನಿಕ್ ಜಾಕ್ ಕೊಟ್ಟು ಚಕ್ರವನ್ನು ಕೈಯಿಂದ ತಿರುಗಿಸಿದ. ಅದು ಅರೆಸುತ್ತೂ ಬರಲಿಲ್ಲ. ಮಲೆನಾಡಿನ ತೇವಕ್ಕೆ ಹ್ಯಾಂಡ್ ಬ್ರೇಕಿನ ಕೇಬಲ್ ತನ್ನ ಕೊಳವೆಯೊಳಗೆ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಒಳಗಿನ ಹಿಡಿಯನ್ನು ನಾನು ಇಳಿಸಿದ್ದೆ. ಹೊರಗಿನ ಕೇಬಲ್ ಮರಳಿರಲಿಲ್ಲ. ಬ್ರೇಕಿನ ಷೂ ಡ್ರಮ್ಮಿಗೆ ಉಜ್ಜುತ್ತಲೇ ಬಂದಿತ್ತು.

“ಸಾರ್, ಇದನ್ನ ಘಟ್ಟ ಇಳಿಸಬೇಡಿ” ಎಂದ ಆತ. ಕಾರಣ ಬ್ರೇಕಿನ ಎಣ್ಣೆ. ಡಾಟ್ ೩ ದರ್ಜೆಯ ಎಣ್ಣೆ ಹೊಸತಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ವರ್ಷಗಳು ಕಳೆದಂತೆ ಆ ಮಿತಿ ೧೪೦ರ ಸಮೀಪಕ್ಕೆ ಇಳಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲ್ಲು ನೆಲ ಮುಟ್ಟಿದರೂ ಕಾರು ನಿಲ್ಲದು. ಒಂದು ಟನ್ ತೂಕದ ಕಾರು ಐದುನೂರು ಮೀಟರ್ ಕೆಳಗಿಳಿಯುವಾಗ ಹೊಮ್ಮುವ ಶಕ್ತಿ ಹದಿನೈದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದೆಂದು ಬಳಿಕ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ಆಗಲೇ ಕಾದಿದ್ದ ಆ ಚಕ್ರವನ್ನು ಅಂಥ ಇಳಿಜಾರಿಗೆ ಒಯ್ಯುವವನಿದ್ದೆ ನಾನು.

ಆತ ಕೇಬಲ್ ಸಡಿಲಿಸಿ ಕಾರನ್ನು ಮೆಲ್ಲಗೆ ತೀರ್ಥಹಳ್ಳಿಗೆ ಒಯ್ದ. ಹೊಸ ಕೇಬಲ್, ಎರಡೂ ಹಿಂಚಕ್ರಗಳಿಗೆ ಹೊಸ ಲೈನರು, ಸೋರುತ್ತಿದ್ದ ಸಿಲಿಂಡರಿನ ರಬ್ಬರು, ಹೊಸ ಎಣ್ಣೆ. ಇಷ್ಟರಲ್ಲಿ ರೋಗ ವಾಸಿಯಾಯಿತು. ಲೈನರನ್ನು ಒಂದೇ ಬದಿಗೆ ಹಾಕಿದರೆ ಬ್ರೇಕು ಹಾಕಿದಾಗ ಕಾರು ಪಕ್ಕಕ್ಕೆಳೆಯುತ್ತದೆಯಂತೆ. ಈಗ ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕು ಎಳೆಯುವುದಿಲ್ಲ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ.

ಎಲ್ಲ ಸುಟ್ಟ ವಾಸನೆಯೂ ಬ್ರೇಕಿನದಲ್ಲ. ಗೇರು ಬದಲಿಸುವಾಗ, ಏರಿನಲ್ಲಿ ಬಂದರೆ ಕ್ಲಚ್ಚಿನದಿರಬಹುದು. ಕಾದ ಎಣ್ಣೆಯ ಕಮರಾದರೆ ಎಂಜಿನ್ನಿನ ಸೋರಿಕೆ. ಬೆಲ್ಲದ ಪಾಕದಂಥ ಸಿಹಿಯಾದರೆ ರೇಡಿಯೇಟರಿನ ದ್ರವ. ಪ್ಲಾಸ್ಟಿಕ್ಕಿನ ಘಾಟಾದರೆ ಮಾತ್ರ ಯೋಚಿಸುತ್ತ ಕೂರಬಾರದು. ಕೀಲಿ ತಿರುಗಿಸಿ ಎಲ್ಲರನ್ನೂ ಇಳಿಸಿ, ದೂರ ನಿಲ್ಲಬೇಕು. ಹಾರಿದ ಫ್ಯೂಸಿಗೆ ಬದಲಾಗಿ ದಪ್ಪ ತಂತಿ ಸಿಕ್ಕಿಸುವ ಜಾಣತನ ಬೇಡ.

ಅಂದು ನಾವು ಬಸ್ಸಿನಲ್ಲಿ ಘಟ್ಟ ಇಳಿದೆವು. ಮೊದಲ ತಿರುವಿನಲ್ಲಿಯೇ ನಿಜ ಹೇಳಿದೆ. ಹದಿನಾಲ್ಕು ತಿರುವು ಮುಗಿಯುವವರೆಗೂ ಆಕೆ ಮಾತಾಡಲಿಲ್ಲ. ಸೋಮೇಶ್ವರದಲ್ಲಿ ಬಸ್ಸು ನಿಂತಾಗ, “ಹಾಗಾದ್ರೆ ದೀಪಾವಳಿಯ ಹೋಳಿಗೆ?” ಎಂದಷ್ಟೇ ಕೇಳಿದಳು. ನಾನು ಅದನ್ನು ಬಹಳವಾಗಿ ಹೊಗಳಿದ್ದೆ.

ವೈದ್ಯರ ಸಲಹೆಯಂತೆ ದಿನಕ್ಕೆರಡು ಬಾರಿ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ಮೂಸುವ ಅಭ್ಯಾಸ ಅಂದಿನಿಂದ ಸಾಗಿದೆ. ಸೀಸೆಗಳನ್ನು ಆಕೆಯೇ ಹಿಡಿದು, ಹೆಸರು ಹೇಳದೆ ಪರೀಕ್ಷಿಸುತ್ತಾಳೆ. ಲವಂಗದಲ್ಲಿ ನಾನು ತೇರ್ಗಡೆಯಾಗಿದ್ದೇನೆ. ಗುಲಾಬಿ ಇನ್ನೂ ಸಿಕ್ಕಿಲ್ಲ.