ಕಾಡು ಕಾಯುವ ಬೇಸಿಗೆ ಕೆಲಸ

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1891ರಲ್ಲಿ ಚಾರ್ಲ್ಸ್ ಎಲಿಯಟ್ ಎಂಬ ಉದ್ಯಾನ ವಿನ್ಯಾಸಕನ ಒತ್ತಾಸೆಯಿಂದ ಭೂಮಿ ಪಡೆದು ಕಾಯುವ ಭೂ ಟ್ರಸ್ಟೊಂದು ಹುಟ್ಟಿತು. ಚೆಲುವಾದ ಕಾಡು, ಬಯಲು ಜನರ ಓಡಾಟಕ್ಕೆ ಉಳಿಯಲಿ ಎಂಬುದೇ ಆಸೆ. ಇಂಥ ಟ್ರಸ್ಟ್‌ಗಳು ಈಗ ಆ ದೇಶದ ಉದ್ದಗಲಕ್ಕೂ ಇವೆ. ಬೇಸಿಗೆ ಸಮೀಪಿಸಿತೆಂದರೆ ಕಾಲೇಜು ಹುಡುಗ ಹುಡುಗಿಯರನ್ನು ಕೆಲವು ತಿಂಗಳ ಕೆಲಸಕ್ಕೆ ಕರೆಯುತ್ತವೆ.

ಕಾಡು ಕಾಯುವುದೆಂದರೆ ಹಕ್ಕಿ ನೋಡುತ್ತಾ ಕೂರುವುದಲ್ಲ! ಗಾರ್ಲಿಕ್ ಮಸ್ಟರ್ಡ್ ಎಂಬ ಕಳೆಯಿದೆ, ಯುರೋಪಿನಿಂದ ಬಂದದ್ದು. ಎಲೆ ಹೊಸಕಿದರೆ ಬೆಳ್ಳುಳ್ಳಿ ವಾಸನೆ. ಬೀಜ ಉದುರುವ ಮುನ್ನ ಅದನ್ನು ಬೇರುಸಹಿತ ಕೀಳಬೇಕು. ಹೂಬಿಟ್ಟ ಗಿಡ ಕಿತ್ತು ಅಲ್ಲೇ ಬಿಸಾಡಿದರೆ ಬಿದ್ದಲ್ಲೇ ಬೀಜ ಬಲಿತೀತು, ಹಾಗಾಗಿ ಚೀಲಕ್ಕೆ ತುಂಬಿ ಹೊರಬೇಕು. ಮಣ್ಣು ಸೇರಿದ ಬೀಜ ವರ್ಷಗಟ್ಟಲೆ ಕಾದು ಮೊಳೆಯುತ್ತದೆ. ಭೂಮಿ ಕೊಳ್ಳಲು ದಾನಿಗಳು ಸಿಕ್ಕಾರು; ಹೀಗೆ ವರ್ಷವರ್ಷವೂ ಬಗ್ಗುವ ಸೊಂಟಗಳೇ ದುರ್ಲಭ ಎಂದು ನನ್ನ ಅನಿಸಿಕೆ. ಕಳೆಯ ಕೆಲಸ ಮುಗಿದರೆ ಗಡಿ ನಡೆದು ಒತ್ತುವರಿ ಹುಡುಕುವುದು, ಕಾಲುದಾರಿಗೆ ಅಡ್ಡಬಿದ್ದ ಮರ ಕೊಯ್ಯುವುದು ಇದ್ದೇ ಇದೆ.