ಎಳೆ ಎಣಿಸುವ ಕೈಗೆ ಗ್ರಾಫ್ ಹೊಸದಲ್ಲ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಹತ್ತನೆಯ ತರಗತಿಯನ್ನು ಚೆನ್ನಾಗಿ ಪಾಸು ಮಾಡಿದ ಕನ್ನಡ ಮಾಧ್ಯಮದ ಮಕ್ಕಳೂ ಪಿಯುಸಿಯಲ್ಲಿ ‘ಫಂಕ್ಷನ್’, ‘ಗ್ರಾಫ್’ ಎಂಬ ಮಾತು ಕೇಳಿ ಹೆದರುತ್ತಾರೆ. ಕೆಲವರು ವಿಜ್ಞಾನವನ್ನೇ ಬಿಡುತ್ತಾರೆ. ಆ ಹೆದರಿಕೆಗೆ ಮದ್ದು ನಮ್ಮ ಮನೆಯ ಟ್ರಂಕಿನಲ್ಲೇ ಇದೆ: ಇಳಕಲ್ ಸೀರೆಯ ಮೇಲಿನ ಕಸೂತಿ.

ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ, ಯಾವ ಹೊಲಿಗೆಯಾದರೂ ಕಸೂತಿಗೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ಗ್ರಾಫ್ ಹಾಳೆಯ ಚೌಕಗಳೂ ಇಷ್ಟೇ. ಅಡ್ಡಕ್ಕೆ ಎಷ್ಟನೆಯ ಎಳೆ ಎಂಬುದು ಎಕ್ಸ್. ಅಲ್ಲಿ ಚಿತ್ತಾರದ ಎತ್ತರ ಎಷ್ಟು ಎಳೆ ಎಂಬುದು ವೈ. ಎಕ್ಸ್ ಹೇಳಿದರೆ ವೈ ಹೇಳುವ ನಿಯಮವೇ ಫಂಕ್ಷನ್.

8 ಎಳೆ ಅಗಲ, 6 ಎಳೆ ಎತ್ತರದ ಒಂದು ಗೋಪುರವಿದೆ ಎನ್ನಿ. ಎಡಗಾಲು 0ಯಲ್ಲಿ, ತುದಿ 4ನೆಯ ಎಳೆಯಲ್ಲಿ. ಇದು ಎಫ್(ಎಕ್ಸ್). ಪ್ರತಿ ಎತ್ತರವನ್ನೂ ಇಮ್ಮಡಿ ಮಾಡಿದರೆ 2ಎಫ್(ಎಕ್ಸ್): ಅಗಲ ಅದೇ 8, ಎತ್ತರ 12. ಬಲಕ್ಕೆ 12 ಎಳೆ ಸರಿಸಿ ಹಾಕಿದರೆ ಎಫ್(ಎಕ್ಸ್−12). ಮೈನಸ್ ಇದ್ದರೂ ಬಲಕ್ಕೇಕೆ? 12ನೆಯ ಎಳೆಗೆ ಬಂದಾಗ 12 ಕಳೆದು 0 ಬರುತ್ತದೆ, ಗೋಪುರ ಅಲ್ಲಿಂದ ಶುರುವಾಗುತ್ತದೆ.

ಮಕ್ಕಳು ಮುಗ್ಗರಿಸುವುದು ಎಫ್(2ಎಕ್ಸ್)ನಲ್ಲಿ. ಎರಡರಿಂದ ಗುಣಿಸಿದೆವು, ಅಗಲವಾಗಬೇಕಲ್ಲ ಎನ್ನುತ್ತಾರೆ. ಆದರೆ ತುದಿ ಬರಬೇಕಾದರೆ ಕಂಸದೊಳಗೆ 4 ಬರಬೇಕು. ಅದು ಎಕ್ಸ್ 2 ಆದಾಗಲೇ ಬಂದುಬಿಡುತ್ತದೆ. ಹಾಗಾಗಿ ಗೋಪುರ 4 ಎಳೆಗೆ ಕುಗ್ಗುತ್ತದೆ. ಅಗಲ 16 ಬೇಕೆಂದರೆ ಎಕ್ಸ್ ಅನ್ನು 2ರಿಂದ ಭಾಗಿಸಬೇಕು. ಮೈನಸ್ ಎಫ್(ಎಕ್ಸ್) ಎಂದರೆ ಬಾದಾಮಿಯ ಅಗಸ್ತ್ಯ ತೀರ್ಥದ ನೀರಿನಲ್ಲಿ ಭೂತನಾಥ ಗುಡಿ ತಲೆಕೆಳಗಾಗಿ ಕಾಣುವ ಹಾಗೆ.

ಮೊಬೈಲಿನಲ್ಲಿ ಎರಡು ಬೆರಳಿಂದ ಫೋಟೋ ಹಿಗ್ಗಿಸುತ್ತೀರಲ್ಲ, ಅದರೊಳಗೂ ಇದೇ ಲೆಕ್ಕ. ನನ್ನ ನೌಕರಿಯಲ್ಲಿ ಪರದೆಯ ಮೇಲೆ ಚಿತ್ರ ಸರಿಸುವಾಗ, ಹಿಗ್ಗಿಸುವಾಗ ನಾನು ಬರೆಯುವುದೂ ಇದನ್ನೇ.

ಗುರುಗಳಲ್ಲಿ ನನ್ನ ವಿನಂತಿ: ಒಂಬತ್ತು, ಹತ್ತನೆಯ ತರಗತಿಯಲ್ಲೇ ಕನ್ನಡದ ಪದದ ಜೊತೆ ಇಂಗ್ಲಿಷ್ ಪದವನ್ನೂ ಹಲಗೆಯ ಮೇಲೆ ಬರೆಯಿರಿ. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ತಾಸು ಮಕ್ಕಳ ಜೊತೆ ಕೂಡೋಣ. ತಾಯಂದಿರೇ, ಎಳೆ ತಪ್ಪದಂತೆ ಎಣಿಸುವ ನೀವು “ನಮಗ ಗಣಿತ ತಿಳಿಯಂಗಿಲ್ಲ” ಎಂದು ಮಗಳ ಎದುರಿಗೆ ಅನ್ನಬೇಡಿ. ಅವಳು ವಿಜ್ಞಾನ ಓದುತ್ತೇನೆ ಅಂದರೆ ಓದಿಸಿ.